ಟಾಯಮಿಂಗಲಾ ಸೋಡಾ

ಈ ಭಾನುವಾರ ಮಾವನವರ ಕಾರಿನ ಎದೆ ಬಿಚ್ಚಿ, ಅದರ ಎಂಟೂ ವಾಲ್ವುಗಳನ್ನು ದೇವರ ಮನೆಯ ದೀಪದ ಸಮೆಯಂತೆ ಬೆಳಗಿ, ಅವು ಸಮಯಕ್ಕೆ ಸರಿಯಾಗಿ ತೆರೆದು ಸಮಯಕ್ಕೆ ಸರಿಯಾಗಿ ಮುಚ್ಚಿಕೊಳ್ಳುವ ಹಾಗೆ ಮಾಡಿಯೇ ತೀರುತ್ತೇನೆ ಎಂದು ರಾವಸಾಹೇಬ ಮಾಸ್ತರರು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಪ್ರತಿಜ್ಞೆ ಮಾಡಿದರು. ಆಗ ಅವರ ಎದುರಿಗೆ ಇದ್ದವು ಎರಡೇ: ತಾಟಿನಲ್ಲಿ ರೊಟ್ಟಿ, ತಾಟಿನಾಚೆ ಹೆಂಡತಿ. ರೊಟ್ಟಿ ಆರುತ್ತಿತ್ತು. ಹೆಂಡತಿ ಕಾಯುತ್ತಿದ್ದರು.

“ಅಪ್ಪಾ ಏನೂ ಮಾಡಬ್ಯಾಡ್ರಿ ಅಂತ ಹೇಳಿ ಹೋಗ್ಯಾನ್ರಿ,” ಎಂದರು ಸೋನಾಬಾಯಿ.

“ಏನೂ ಮಾಡಬ್ಯಾಡ್ರಿ ಅನ್ನೂದು ಏನೂ ತಿಳೀದವರಿಗಿ. ನಾ ಓದೀನಿ.”

ಈ ‘ಓದೀನಿ’ ಎಂಬ ಮಾತು ಆ ಮನೆಯಲ್ಲಿ ಎಷ್ಟೋ ಸಲ ಕೇಳಿಬಂದಿತ್ತು. ಅದರ ಹಿಂದೆಯೇ ಒಂದು ಗಡಿಯಾರ ನಿಂತಿತ್ತು, ಒಂದು ಇಸ್ತ್ರಿ ಪೆಟ್ಟಿಗೆ ಸತ್ತಿತ್ತು, ಒಂದು ರೇಡಿಯೋ ಕೊಲಂಬೋದ ಹೊರತು ಬೇರಾವ ಊರಿನ ಮಾತನ್ನೂ ಆಡದೆ ಹಟ ಹಿಡಿದಿತ್ತು. ಆದರೆ ಅವೆಲ್ಲ ಮಾಸ್ತರರ ಸ್ವಂತದವು. ಅಂಗಳದಲ್ಲಿ ತಗಡಿನ ಚಪ್ಪರದಡಿ ನಿಂತಿದ್ದ ಬಿಳಿ ಅಂಬಾಸಿಡರ್ ಮಾತ್ರ ಮಾವನವರದು.

ಮಾವ ಅಂದರೆ ಅಕ್ಕೋಳದ ಲಗಮಣ್ಣನವರು. ಅವರಿಗೆ ಕಬ್ಬಿನ ಹೊಲ, ಎರಡು ಜೋಡಿ ಎತ್ತು, ಒಬ್ಬ ಮಗ, ಒಬ್ಬ ಮಗಳು ಎಲ್ಲ ಇದ್ದರೂ ದಿನಾ ಎದ್ದ ಕೂಡಲೇ ಅವರು ಮೈದಡವುತ್ತಿದ್ದದ್ದು ಈ ಕಾರನ್ನು. ಚಳಿಗಾಲದಲ್ಲಿ ಬಾನೆಟ್ಟಿಗೆ ಕೌದಿ ಹೊದಿಸುತ್ತಿದ್ದರು. ಹದಿನೆಂಟು ವರ್ಷದಲ್ಲಿ ಆ ಬಾನೆಟ್ಟಿನೊಳಗೆ ಕೈ ಹಾಕಿದವರು ನಿಪ್ಪಾಣಿಯ ಮಿಸ್ತ್ರಿ ಬಾಳಾಸಾಬ ಒಬ್ಬರೇ. ತೊಂಬತ್ನಾಲ್ಕನೆಯ ಇಸವಿಯ ಆಷಾಢದಲ್ಲಿ ಲಗಮಣ್ಣನವರು ವಾರಕರಿಗಳ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೊರಟಾಗ ಅಕ್ಕೋಳದ ಶೆಡ್ಡಿನ ತಗಡುಗಳು ಗಾಳಿಗೆ ಹಾರಿ ಪಕ್ಕದ ಹೊಲ ಸೇರಿದ್ದವು. ಹಾಗಾಗಿ ಕಾರನ್ನು ಚಿಕ್ಕೋಡಿಗೆ ತಂದು, ಅಳಿಯನ ಅಂಗಳದಲ್ಲಿ ನಿಲ್ಲಿಸಿ, ಕೀಲಿಯನ್ನು ಎರಡೂ ಕೈಯಿಂದ ಕೊಟ್ಟು, ಅಳಿಯನಿಗೆ ಸಲ್ಲುವ ಮರಾಠಿ ಗೌರವದಿಂದ ಕರೆದು ಹೀಗೆ ಹೇಳಿದ್ದರು:

“ಜಾವಾಯ್‌ಬಾಪು, ದಿನಾ ಬಿಟ್ಟ ದಿನಾ ಚಾಲೂ ಮಾಡ್ರಿ, ಐದ ಮಿನಿಟ ಬಿಡ್ರಿ, ಬಂದ್ ಮಾಡ್ರಿ. ಮತ್ತೇನೂ ಮಾಡಬ್ಯಾಡ್ರಿ. ನನಗರ ಕಣ್ಣ ಮಂಜ ಆಗ್ಯಾವ, ಇನ್ನ ಗಾಡಿ ಹೊಡ್ಯಾಕ ಆಗೂದಿಲ್ಲ. ತಿರಿಗಿ ಬಂದ ಮ್ಯಾಲ ನೋಡ್ತೀನಿ. ನಿಮ್ಮ ಕೈಯಾಗ ಚಂದ ಇದ್ದರ ನಿಮಗ. ಇಲ್ಲಂದ್ರ ಮಗನಿಗಿ.”

ಮಗನ ಕೈಗೆ ಹೋದರೆ ಕಾರು ಒಂದು ವಾರದಲ್ಲಿ ಮಾರಾಟವಾಗಿ, ಟ್ರ್ಯಾಕ್ಟರಿನ ಟ್ರೇಲರ್ ಆಗಿ ಪುನರ್ಜನ್ಮ ಪಡೆಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಸೋನಾಬಾಯಿ ಆ ದಿನದಿಂದ ದೇವರಿಗೆ ದೀಪ ಹಚ್ಚುವಾಗ ಒಂದು ಬತ್ತಿ ಹೆಚ್ಚು ಇಡುತ್ತಿದ್ದರು. ಅವರು ಮದುವೆಯಾಗಿ ಗಂಡನ ಮನೆಗೆ ಬಂದದ್ದು ಅದೇ ಕಾರಿನ ಹಿಂದಿನ ಸೀಟಿನಲ್ಲಿ. ಈಗ ತವರಿಗೆ ಹೋಗುವುದು ನಿಪ್ಪಾಣಿ ಬಸ್ಸಿನಲ್ಲಿ, ಅದೂ ನಿಂತುಕೊಂಡು. ಬಾಯಿ ಬಿಟ್ಟು ಏನನ್ನೂ ಕೇಳದ ಹೆಂಗಸು ಹನ್ನೆರಡು ವರ್ಷದಲ್ಲಿ ಆಸೆಪಟ್ಟಿದ್ದು ಇದೊಂದನ್ನೇ. ಅಪ್ಪನ ಕಾರು ತಮ್ಮದಾಗಲಿ ಎಂದು ಹೆಂಡತಿ ಹರಕೆ ಹೊತ್ತಿದ್ದರೆ, ಗಂಡ ಅದರಲ್ಲಿ ಆಗಲೇ ಕಾರುಬಾರು ಶುರು ಮಾಡಿದ್ದರು.

ಮಾಸ್ತರರ ತಲೆ ಕೆಡಿಸಿದ್ದು ಒಂದು ಇಂಗ್ಲಿಷ್ ಮಾಸಪತ್ರಿಕೆ. ಅವರು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಸ್ವತಃ ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವರು. ಶಾಲೆಗೆ ಯಾರೋ ದಾನ ಕೊಟ್ಟ ಹಳೆಯ ಪತ್ರಿಕೆಗಳ ಗಂಟಿನಲ್ಲಿ ಮೋಟಾರಿನ ಮೇಲಿನ ಒಂದು ಲೇಖನ ಸಿಕ್ಕಿತು: ‘ವೇರಿಯಬಲ್ ವಾಲ್ವ್ ಟೈಮಿಂಗ್’. ಜಪಾನಿನ ಹೊಸ ಇಂಜಿನ್ನುಗಳಲ್ಲಿ ವಾಲ್ವು ತೆರೆಯುವ ಹೊತ್ತು ಒಂದೇ ಇರುವುದಿಲ್ಲ, ಗಾಡಿ ನಿಧಾನ ಹೋಗುವಾಗ ಒಂದು ಹೊತ್ತು, ಜೋರು ಹೋಗುವಾಗ ಒಂದು ಹೊತ್ತು; ಇದನ್ನೆಲ್ಲ ನಡೆಸುವುದು ಸೂಜಿ ಮೊನೆಯಂಥ ದಾರಿಗಳಲ್ಲಿ ಹರಿಯುವ ಇಂಜಿನ್ ಎಣ್ಣೆ; ಎಣ್ಣೆ ಹೊಲಸಾದರೆ ದಾರಿ ಕಟ್ಟುತ್ತದೆ, ದಾರಿ ಕಟ್ಟಿದರೆ ಹೊತ್ತು ತಪ್ಪುತ್ತದೆ; ಆದ್ದರಿಂದ ಎಣ್ಣೆ ಬದಲಿಸಿ, ಕೊಳೆ ತೆಗೆಯಿರಿ. ಇಷ್ಟನ್ನು ಮಾಸ್ತರರು ಮೂರು ಸಲ ಓದಿದರು. ‘ಜಪಾನಿನ’ ಎಂಬ ಶಬ್ದವನ್ನು ಮೂರು ಸಲವೂ ದಾಟಿದರು. ಮಾವನ ಕಾರು ಸೋಮವಾರ ಮೊದಲ ಸಲಕ್ಕೇ ಚಾಲೂ ಆಗಿತ್ತು, ಬುಧವಾರ ನಾಲ್ಕನೆಯ ಸಲಕ್ಕೆ. ಟೈಮಿಂಗು ವೇರಿಯಬಲ್ ಆಗಿದೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಸೋನಾಬಾಯಿ ಸೋತು, ಒಂದೇ ಒಂದು ಮಾತು ನಡೆಸಿಕೊಂಡರು: ಮುಟ್ಟುವ ಮೊದಲು ಬಾಳಾಸಾಬರನ್ನು ಕೇಳಬೇಕು. ಬೇಕಾದರೆ ಫೋನಿನಲ್ಲಿ ನಾನೇ ಮಾತಾಡುತ್ತೇನೆ ಎಂದರು. ಬಾಳಾಸಾಬರ ಮನೆಮಾತು ಮರಾಠಿ; ಅಕ್ಕೋಳದವರೋ ತೊಟ್ಟಿಲಲ್ಲೇ ಕನ್ನಡ, ಮರಾಠಿ ಎರಡೂ ಭಾಷೆ ಕುಡಿದು ಬೆಳೆದವರು. ಮಾಸ್ತರರ ಹುಟ್ಟೂರು ಅಥಣಿ ತಾಲೂಕಿನ ಸತ್ತಿ. ಕೃಷ್ಣೆಯ ದಂಡೆ, ದ್ರಾಕ್ಷಿ ತೋಟ, ಮನೆ ತುಂಬ ಕನ್ನಡ. ಅವರ ಮರಾಠಿ ಚಿಕ್ಕೋಡಿಗೆ ಬಂದ ಮೇಲೆ ಕಾಯಿಪಲ್ಲೆಯವರ ಹತ್ತಿರ ಕಲಿತದ್ದು. ಬೆಂಡೆಕಾಯಿಯ ಮಟ್ಟಿಗೆ ಅದು ಚೆನ್ನಾಗಿಯೇ ಇತ್ತು.

“ಮರಾಠಿ ನನಗೇನ ಹೊಸಾದಲ್ಲ,” ಎಂದು ಅವರು ಭಾನುವಾರ ಬೆಳಿಗ್ಗೆ ಕೊಡೆ ಬಿಡಿಸಿಕೊಂಡು ಒಬ್ಬರೇ ಹೊರಟರು.

ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತು. ಬಾಳಾಸಾಬರ ಗ್ಯಾರೇಜಿನಲ್ಲಿ ಫೋನಿರಲಿಲ್ಲ. ಪಕ್ಕದ ಟೈರಿನ ಅಂಗಡಿಯವರು ಕೂಗಿ ಕರೆಯುತ್ತಿದ್ದರು. ಜಿಟಿಜಿಟಿ ಮಳೆ. ಲೈನಿನೊಳಗೆ ಯಾರೋ ಶೇಂಗಾ ಹುರಿಯುತ್ತಿರುವಂತೆ ಸದ್ದು. ಬಾಳಾಸಾಬರು ಬಂದು “ಹೇಳ್ರಿ ಸರ” ಎಂದು ಅಚ್ಚ ಕನ್ನಡದಲ್ಲೇ ಶುರು ಮಾಡಿದರು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮಾಸ್ತರರು ಮರಾಠಿಯಲ್ಲಿ ಉತ್ತರ ಕೊಟ್ಟರು. ಇಂಜಿನ್ನು, ಎಣ್ಣೆ, ಟೈಮಿಂಗು ಎಂದು ಬೆಂಡೆಕಾಯಿಯ ವ್ಯಾಕರಣದಲ್ಲಿ ವಿವರಿಸಿ, ಏನು ಮಾಡಲಿ ಎಂದು ಕೇಳಿದರು.

“ತೇಲ ಬದಲಾ,” ಎಂದರು ಬಾಳಾಸಾಬ.

ಎಣ್ಣೆ ಬದಲಿಸಿ. ತಿಳಿಯಿತು. ಪತ್ರಿಕೆಯಲ್ಲೂ ಅದೇ ಇತ್ತು. ಮಾಸ್ತರರ ಎದೆ ಉಬ್ಬಿತು.

“ಆಣಿ ಟಾಯಮಿಂಗಲಾ...” ಇಲ್ಲಿ ಶೇಂಗಾ ಜೋರಾಗಿ ಹುರಿಯಿತು. “...ಸೋಡಾ!”

ಮತ್ತು ಟೈಮಿಂಗಿಗೆ ಸೋಡಾ. ಮಾಸ್ತರರು ಕಿವಿಗೆ ಫೋನನ್ನು ಒತ್ತಿ ಹಿಡಿದರು. “ಸೋಡಾ?”

“ಹಾಂ, ಸೋಡಾ.”

“ಕಿತಿ?” ಎಷ್ಟು ಎಂದು ಕೇಳುವುದು ಕಾಯಿಪಲ್ಲೆಯವರಿಂದ ಗಟ್ಟಿಯಾಗಿ ಬಂದಿತ್ತು.

“ಪೂರ್ಣ ಸೋಡಾ.”

“ಇಂಜಿನ್ ಗರಮ್ ಅಸೇಲ ತರ?” ಇಂಜಿನ್ನು ಬಿಸಿ ಇದ್ದರೆ?

“ಮಗ ತರ ಸೋಡಾಚ!” ಎಂದು ಅತ್ತಲಿಂದ ಗಾಬರಿಯ ದನಿ ಬಂತು, ಲೈನು ಕಡಿಯಿತು.

ಮಾಸ್ತರರು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು: ಎಣ್ಣೆ ಬದಲಿ, ಟೈಮಿಂಗಿಗೆ ಸೋಡಾ, ಪೂರ್ತಿ, ಬಿಸಿ ಇದ್ದರಂತೂ ಸೋಡಾನೇ.

ಮನೆಗೆ ಬಂದಾಗ ಸೋನಾಬಾಯಿ ಗೆಳತಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೊರಟು ಬಾಗಿಲಲ್ಲಿದ್ದರು. ಬಾಳಾಸಾಬ ಏನೆಂದರು ಎಂದು ಕೇಳಿದ್ದಕ್ಕೆ, ಎಲ್ಲ ಹೇಳಿದ್ದಾರೆ, ನೀನು ಗುಗ್ಗರಿ ತಿಂದು ಬಾ ಎಂದರು ಮಾಸ್ತರರು. ಅಪ್ಪ ಸಂಜೆ ಐದರ ಬಸ್ಸಿಗೆ ಇಳಿಯುತ್ತಾನೆ, ಅಷ್ಟರೊಳಗೆ ಕಾರು ಹೆಂಗಿತ್ತೋ ಹಂಗೆ ಇರಲಿ ಎಂದು ಸೋನಾಬಾಯಿ ಮೂರು ಸಲ ತಿರುಗಿ ನೋಡುತ್ತ ಹೋದರು. ಎರಡು ಸಲ ನೋಡಿದ್ದು ಕಾರನ್ನು, ಒಂದು ಸಲ ಗಂಡನನ್ನು.

ಮನೆಯಲ್ಲಿ ಉಳಿದವರು ಮಾಸ್ತರರ ತಾಯಿ ಅಕ್ಕವ್ವ. ಅಕ್ಕವ್ವನಿಗೆ ಮರಾಠಿಯ ಗಂಧವಿಲ್ಲ. ಆದರೆ ಬೀಗರು ಮರಾಠಿ ಆಡಿದಾಗ ತಿಳಿಯದು ಎಂದು ತೋರಿಸಿಕೊಳ್ಳುವ ಪೈಕಿಯೂ ಅಲ್ಲ. ತಲೆದೂಗಿ, ತಮಗೆ ಪರಿಚಯವಿದ್ದ ಒಂದೆರಡು ಶಬ್ದ ಹಿಡಿದು ಉಳಿದದ್ದನ್ನು ಅಂದಾಜಿನಿಂದ ತುಂಬಿಕೊಳ್ಳುತ್ತಿದ್ದರು. ಈ ಗುಣ ಮಗನಿಗೆ ಹೇಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಪ್ರಶ್ನೆ ಎದ್ದದ್ದು, ಯಾವ ಸೋಡಾ? ಮನೆಯಲ್ಲಿ ಭಜಿಗೆ ಹಾಕುವ ಸೋಡಾ ಇತ್ತು. ಅರಿವೆ ಒಗೆಯುವ ಸೋಡಾ ಇತ್ತು. ಓಣಿಯ ತಿರುವಿನಲ್ಲಿ ಗೋಲಿ ಸೋಡಾ ಸಿಗುತ್ತಿತ್ತು. ಇಂಜಿನ್ನಿನೊಳಗೆ ಗ್ಯಾಸ್ ಇರುವುದರಿಂದ ಗೋಲಿ ಸೋಡಾವೇ ಶಾಸ್ತ್ರಸಮ್ಮತವಿರಬಹುದೇ ಎಂದು ಮಾಸ್ತರರು ಒಂದು ಗಳಿಗೆ ತೂಗಿದರು. ಅಕ್ಕವ್ವ ಬಾನೆಟ್ಟಿನೊಳಗೆ ಇಣುಕಿ, ಒಂದು ಬೆರಳು ಅದ್ದಿ ತೆಗೆದು, ಕರಿ ಜಿಡ್ಡನ್ನು ಮಗನ ಮೂಗಿನ ಮುಂದೆ ಹಿಡಿದರು.

“ಇದಕ್ಕ ಅರಿವಿ ಸೋಡಾ ಬೇಕಲೇ ತಮ್ಮಾ. ಬಿಸಿನೀರಾಗ ಕದಡಿ ಹೊಯ್ಯಿ. ಮದಿವಿ ಮನಿ ಕಡಾಯಿ ಜಿಡ್ಡ ಬಿಡತೈತಿ, ಇದ್ಯಾವ ಲೆಕ್ಕ.”

ಪೂರ್ಣ ಎಂದಿದ್ದಾರೆ ಎಂದು ಮಗ ಪೂರ್ತಿ ಡಬ್ಬಿ ಕೇಳಿದರು. ಡಬ್ಬಿಯ ತಳ ಖಾಲಿ ಮಾಡುವುದು ಮನೆಗೆ ಒಳ್ಳೆಯದಲ್ಲವೆಂದು ಅಕ್ಕವ್ವ ಒಂದು ಮುಷ್ಟಿ ಉಳಿಸಿಕೊಂಡು ಉಳಿದದ್ದನ್ನು ಕೊಟ್ಟರು. ಆ ಒಂದು ಮುಷ್ಟಿ ನೆನಪಿರಲಿ.

ಇಂಜಿನ್ನಿನ ನೆತ್ತಿಯ ಮೇಲಿನ ಉದ್ದನೆಯ ತಗಡಿನ ಮುಚ್ಚಳಕ್ಕೆ ಎರಡೇ ನಟ್ಟು. ಬಿಚ್ಚಿದರೆ ಒಳಗೆ ಎಂಟು ವಾಲ್ವಿನ ಸ್ಪ್ರಿಂಗುಗಳು, ಅವುಗಳನ್ನು ಒತ್ತುವ ಎಂಟು ಕಬ್ಬಿಣದ ಕೈಗಳು, ಎಲ್ಲಕ್ಕೂ ಕಾಡಿಗೆಯಂತೆ ಅಂಟಿದ ಹಳೆ ಎಣ್ಣೆ. ಮಾಸ್ತರರು ಲೆಕ್ಕ ಹಾಕಿದರು. ಮನುಷ್ಯನ ಹೃದಯಕ್ಕೆ ನಾಲ್ಕೇ ವಾಲ್ವು, ಇದಕ್ಕೆ ಎಂಟು. ಅಂದರೆ ಎರಡು ಜೀವದ ಹೊಣೆ. ಎಣ್ಣೆ ಮೊದಲೋ ಸೋಡಾ ಮೊದಲೋ? ಅಭ್ಯಂಜನದಲ್ಲಿ ಎಣ್ಣೆ ಮೊದಲು, ನೀರು ಆಮೇಲೆ. ಹದಿನೆಂಟು ವರ್ಷದಿಂದ ಎಣ್ಣೆ ಹಚ್ಚಿಕೊಂಡು ಕೂತ ಇಂಜಿನ್ನಿಗೆ ಈಗ ನೀರು ಹೊಯ್ಯುವುದಷ್ಟೇ ಬಾಕಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತ, ಅಕ್ಕವ್ವ ತಂದು ಕೊಟ್ಟ ಸೋಡಾ ನೀರನ್ನು ಚರಿಗೆಯಿಂದ ಹೊಯ್ದರು. ಎಂಥ ಚಮತ್ಕಾರ! ಕರಿ ಸ್ಪ್ರಿಂಗುಗಳು ಹೊಳೆದವು. ಹೊಯ್ದ ನೀರು ಎತ್ತ ಹೋಯಿತೋ ಗೊತ್ತಾಗಲಿಲ್ಲ. ಅಂಗಳಕ್ಕಂತೂ ಒಂದು ಹನಿಯೂ ಬೀಳಲಿಲ್ಲ. ಎಷ್ಟು ಅಚ್ಚುಕಟ್ಟಾದ ಯಂತ್ರ ಎಂದುಕೊಂಡು ಎರಡನೆಯ ಚರಿಗೆ ಹೊಯ್ದರು. ಮೂರನೆಯದನ್ನೂ.

ಆಮೇಲೆ ಮುಚ್ಚಳ ಮುಚ್ಚಿ, ಸೋಡಾ ಎಲ್ಲ ಕಡೆ ತಲುಪಲಿ ಎಂದು ಕಾರು ಚಾಲೂ ಮಾಡಿದರು. ಎಣ್ಣೆ ಹಾಕುವ ಬಾಯಿಯ ಬಿರಡೆ ಮಾತ್ರ ಬದಿಗೇ ಇತ್ತು. ಟೈಮಿಂಗು ಸುಧಾರಿಸುವುದನ್ನು ಅದರೊಳಗಿಂದ ಕಣ್ಣಾರೆ ನೋಡುವ ಆಸೆ.

ಹತ್ತು ಎಣಿಸುವವರೆಗೆ ಇಂಜಿನ್ನು ಸುಮ್ಮನೆ ತಿರುಗಿತು. ಇಪ್ಪತ್ತಕ್ಕೆ ಒಳಗೆಲ್ಲೋ ಮಜ್ಜಿಗೆ ಕಡೆದಂಥ ಸದ್ದು ಬಂತು. ಇಪ್ಪತ್ತೈದಕ್ಕೆ ಎಣ್ಣೆಯ ಬಾಯಿಯಿಂದ ಬೆಳ್ಳಗಿನದೊಂದು ತಲೆ ಹೊರಗೆ ಬಂತು. ಮಾಸ್ತರರು ನೋಡುತ್ತಿದ್ದ ಹಾಗೆ ಅದು ಉಬ್ಬಿತು, ಬಾಗಿತು, ಬಾನೆಟ್ಟಿನ ಅಂಚು ದಾಟಿ ಮಡ್‌ಗಾರ್ಡಿನ ಮೇಲೆ ಇಳಿಯಿತು. ಮೂವತ್ತು ಎಣಿಸುವಷ್ಟರಲ್ಲಿ ಅವರು ಜಿಗಿದು ಕೀಲಿ ತಿರುಗಿಸಿ ಬಂದ್ ಮಾಡಿದರು. ಇಂಜಿನ್ನು ನಿಂತಿತು. ನೊರೆ ನಿಲ್ಲಲಿಲ್ಲ.

ಟವೆಲ್ಲು ತುರುಕಿದರು. ನೊರೆ ಪಕ್ಕದ ಕೊಳವೆಯಿಂದ ಬಂತು. ಕೊಳವೆಗೆ ಹೆಬ್ಬೆರಳು ಒತ್ತಿದರು. ಟವೆಲ್ಲು ಎಗರಿತು. ಒಂದು ಕೈ ಇಲ್ಲಿ, ಒಂದು ಕೈ ಅಲ್ಲಿ ಇಟ್ಟು, ಬಾನೆಟ್ಟಿನೊಳಗೆ ಅರ್ಧ ಮುಳುಗಿ, ಊರೂರಿನ ದೇವರಿಗೆ ಮೊರೆ ಇಟ್ಟರು. ಮೊರೆ ಇಟ್ಟಷ್ಟೂ ನೊರೆ. ಅಳತೆಯ ಕಡ್ಡಿ ಎಳೆದು ನೋಡಿದರೆ ಅದರ ತುದಿಯಲ್ಲಿ ಹಳದಿ ಬಿಳುಪಿನ ಮುದ್ದೆ. ತೇಲ ಬದಲಾ ಎಂದಿದ್ದರು ಬಾಳಾಸಾಬ. ಎಣ್ಣೆ ಬದಲಾಗಿ ಬೆಣ್ಣೆಯಾಗಿತ್ತು. ಮಾಸ್ತರರ ಎದೆಯ ನಾಲ್ಕೂ ವಾಲ್ವುಗಳು ಆ ಗಳಿಗೆಯಲ್ಲಿ ಜಪಾನಿನ ಇಂಜಿನ್ನನ್ನು ಮೀರಿಸಿ ವೇರಿಯಬಲ್ ಆದವು. ಅಕ್ಕವ್ವ ಮಾತ್ರ ತೃಪ್ತರಾಗಿದ್ದರು. ನೋಡು, ಎಷ್ಟು ಹೊಲಸು ಬಿಡುತ್ತಿದೆ, ಇನ್ನೊಂದು ಚರಿಗೆ ತರಲೇ ಎಂದು ಕೇಳಿದರು.

ಗಂಟೆ ಹನ್ನೊಂದೂವರೆ. ಐದಕ್ಕೆ ಬಸ್ಸು. ನಿಂತ ಗಡಿಯಾರದ ನೆನಪಾಗಿ ಮಾಸ್ತರರಿಗೆ ಅಳು ಬಂತು. ಹೊತ್ತೂ ಅದರ ಹಾಗೆ ನಿಂತುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಇದ್ದ ಕೈಗಡಿಯಾರ ನಡೆಯುತ್ತಲೇ ಇತ್ತು. ಕಾರಿಗೆ ಕೌದಿ ಹೊದಿಸಿ, ಅದರ ಮುಂದೆ ಕುರ್ಚಿ ಹಾಕಿಕೊಂಡು, ಕಾಯಿಲೆಯವರ ಹತ್ತಿರ ಕೂತವರಂತೆ ಕೂತರು. ಎದ್ದರು. ಮತ್ತೆ ಕೂತರು.

ಸೋನಾಬಾಯಿ ಹನ್ನೆರಡೂವರೆಗೆ ಸೆರಗಿನಲ್ಲಿ ಗುಗ್ಗರಿ ಕಟ್ಟಿಕೊಂಡು ಬಂದರು. ಕೌದಿಯ ಅಂಚಿನಿಂದ ನೊರೆ ಇಣುಕುತ್ತಿತ್ತು. ಅವರು ಕೌದಿ ಎತ್ತಿ ನೋಡಿದರು, ಬಾಯಿ ತೆರೆದ ಸೋಡಾ ಡಬ್ಬಿ ನೋಡಿದರು, ಗಂಡನ ಅಂಗೈ ಹಿಡಿದು ಅಲ್ಲಿ ಬರೆದದ್ದನ್ನು ಓದಿದರು.

“ಬಾಳಾಸಾಬ ಏನಂದ್ರು? ಅವರು ಅಂದಂಗ ಹೇಳ್ರಿ. ಕನ್ನಡ ಮಾಡಬ್ಯಾಡ್ರಿ.”

ಮಾಸ್ತರರು ತೇಲ ಬದಲಾದಿಂದ ಸೋಡಾಚದವರೆಗೆ ಒಂದಕ್ಷರ ಬಿಡದೆ ಒಪ್ಪಿಸಿದರು. ಸೋನಾಬಾಯಿ ಕಟ್ಟೆಯ ಮೇಲೆ ಕೂತುಬಿಟ್ಟರು.

“ಸೋಡಾ ಅಂದ್ರ ಬಿಡ್ರಿ,” ಎಂದರು.

“ಬಿಡೂದಿಲ್ಲ. ಏನಂತ ಹೇಳು.”

“ಅದನ್ನ ಹೇಳಾಕತ್ತೀನ್ರಿ. ಮರಾಠ್ಯಾಗ ಸೋಡಾ ಅಂದ್ರ ಬಿಡ್ರಿ, ಕೈ ಹಚ್ಚಬ್ಯಾಡ್ರಿ. ಟಾಯಮಿಂಗ ಬಿಡ್ರಿ. ಪೂರಾ ಬಿಡ್ರಿ. ಗರಮ್ ಇದ್ದರಂತೂ ಬಿಟ್ಟ ಬಿಡ್ರಿ. ಇಷ್ಟ ಅವರು ಅಂದದ್ದು.”

ಇಪ್ಪತ್ತು ವರ್ಷ ಇನ್ನೊಬ್ಬರ ಭಾಷೆ ತಿದ್ದಿದ ಮಾಸ್ತರರು ತಮ್ಮ ಅಂಗೈಯನ್ನು ಲುಂಗಿಗೆ ಒರೆಸಿಕೊಂಡರು. ಪೆನ್ನಿನ ಮಸಿ ಹೋಗಲಿಲ್ಲ. ಸೋಡಾ ಹಾಕಿ ತಿಕ್ಕಿದರೆ ಹೋಗುತ್ತಿತ್ತೇನೋ. ಆ ಹೆಸರು ಎತ್ತುವ ಧೈರ್ಯ ಆಗಲಿಲ್ಲ.

ಸೋನಾಬಾಯಿ ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಸೋನಾಬಾಯಿ ಕಾರಿನ ಹಿಂದಿನ ಸೀಟನ್ನು ಕಿಟಕಿಯೊಳಗಿಂದ ನೋಡುತ್ತ ನಿಂತರು. “ಅಣ್ಣಾ ಇದನ್ನ ಮಾರಿಬಿಡ್ತಾನ್ರಿ,” ಎಂದರು ಮೆಲ್ಲಗೆ. ಬಳಿಕ ಸೆರಗಿನ ಗುಗ್ಗರಿಯನ್ನು ಗಂಡನ ಕೈಗೆ ಹಾಕಿ, ಕೊಡೆ ತಗೊಂಡು ಬೂತಿಗೆ ನಡೆದರು. ಅತ್ತೆಗೆ ಏನೂ ಹೇಳಬೇಡ ಎಂದು ಮಾಸ್ತರರು ಹಿಂದಿನಿಂದ ಬೇಡಿಕೊಂಡರು. ತಾಯಿಯ ಎದುರಾದರೂ ತಾವು ಮರಾಠಿ ಬಲ್ಲವರಾಗಿ ಉಳಿಯಬೇಕೆಂಬ ಆಸೆ.

ಬಾಳಾಸಾಬರು ಎರಡರ ಬಸ್ಸಿಗೆ ಚೀಲ ಹೊತ್ತು ಇಳಿದರು. ಬೆಳ್ಳನೆಯ ಮೀಸೆ, ಖಾಕಿ ಅಂಗಿ, ಯಾರದೋ ಮಣ್ಣಿಗೆ ಬಂದವರ ಮುಖ. ಬಾನೆಟ್ಟಿನೊಳಗೆ ನೋಡಿ ಕಣ್ಣು ಮುಚ್ಚಿಕೊಂಡರು. ಎಷ್ಟು ಹೊತ್ತು ಚಾಲೂ ಇತ್ತು ಎಂದು ಕೇಳಿದರು. ಮೂವತ್ತು ಎಣಿಸುವಷ್ಟು ಎಂದಾಗ ಉಸಿರು ಬಿಟ್ಟರು. ಮಾವನವರು ಹೇಳಿದಂತೆ ಐದು ಮಿನಿಟು ಬಿಟ್ಟಿದ್ದರೆ ಬೇರಿಂಗುಗಳೆಲ್ಲ ಕುಂಕುಮವಾಗುತ್ತಿದ್ದವಂತೆ. ಮಾಸ್ತರರು ಹುಟ್ಟಿದಂದಿನಿಂದ ತಮ್ಮ ಹೇಡಿತನಕ್ಕೆ ಇಷ್ಟು ಕೃತಜ್ಞರಾಗಿದ್ದದ್ದೇ ಇಲ್ಲ.

ಇಂಜಿನ್ನಿನ ಹೊಟ್ಟೆಯ ಬೋಲ್ಟು ಬಿಚ್ಚಿದಾಗ ಬೋಗುಣಿ ತುಂಬ ಮಜ್ಜಿಗೆ ಸುರಿಯಿತು. ತೆಳ್ಳನೆಯ ಎಣ್ಣೆ ಹಾಕಿ ತಿರುಗಿಸಿ ತೆಗೆದರು, ಮತ್ತೆ ಹಾಕಿ ತೆಗೆದರು, ಮೂರನೆಯ ಸಲಕ್ಕೆ ಬಣ್ಣ ತಿಳಿಯಾಯಿತು. ಎಂಟು ಕೈಗಳನ್ನೂ ಒಂದೊಂದಾಗಿ ಒರೆಸಿ, ತಗಡಿನ ತೆಳು ಪಟ್ಟಿ ತೂರಿಸಿ ಸಂದು ಅಳೆದು ಕೂಡಿಸಿದರು. ಹೊಸ ಎಣ್ಣೆ ಹೊಯ್ದರು. ಈ ಎರಡೂವರೆ ತಾಸೂ ಅವರು ಮಾಸ್ತರರ ಹತ್ತಿರ ಮರಾಠಿಯ ಒಂದು ಶಬ್ದ ಆಡಲಿಲ್ಲ. ಅದೇ ಅವರ ಸೇಡು. ಬಿಡಿಸಿ ಬಿಡಿಸಿ, ಸಣ್ಣ ಮಕ್ಕಳಿಗೆ ಹೇಳುವಂತೆ ಕನ್ನಡ ಮಾತಾಡಿದರು.

“ಸರ, ಇದಕ್ಕ ಪಾನಾ ಅಂತಾರ. ಪಾನಾ. ಕುಡಿಯೂದಲ್ಲ. ಅದನ್ನ ಇತ್ತ ಕೊಡ್ರಿ.”

ಮಾಸ್ತರರು ನಟ್ಟು ಬಿಚ್ಚುವ ಆ ಪಾನಾ ಕೊಟ್ಟರು. ಪತ್ರಿಕೆಯನ್ನೂ ತಂದು ತೋರಿಸಿದರು, ತಾವು ಪೂರ್ತಿ ತಪ್ಪಲ್ಲ ಎಂದು ಯಾರಾದರೂ ಹೇಳಲಿ ಎಂಬ ಆಸೆಯಿಂದ. ಬಾಳಾಸಾಬರು ಚಿತ್ರ ನೋಡಿ, ಇದು ಟೈಮಿಂಗು ತಾನೇ ಬದಲಾಗುವ ಗಾಡಿ, ಎಣ್ಣೆ ಸ್ವಚ್ಛ ಇಡಿ ಎಂದು ಬರೆದದ್ದು ಖರೆ; ಆದರೆ ಈ ಗಾಡಿಯ ಟೈಮಿಂಗನ್ನು ತಾನು ಒಂದು ಸಲ ಕೂಡಿಸಿದ್ದೇನೆ, ಅದು ಕೂತಿದೆ, ಕೂತದ್ದನ್ನು ಎಬ್ಬಿಸಬೇಡಿ ಎಂದರು. ಬುಧವಾರ ಮೂರು ಸಲ ಯಾಕೆ ಕೈ ಕೊಟ್ಟಿತು ಎಂದರೆ, ಮಳೆಗೆ ವಾಯರು ಹಸಿಯಾಗಿತ್ತು. ಅರಿವೆಯಿಂದ ಒರೆಸಿದ್ದರೆ ಸಾಕಿತ್ತು. ಒಣ ಅರಿವೆಯಿಂದ.

ನಾಲ್ಕೂಮುಕ್ಕಾಲಿಗೆ ಇಂಜಿನ್ನು ಚಾಲೂ ಆಯಿತು, ಒಮ್ಮೆ ನಿಂತಿತು, ಮತ್ತೆ ಚಾಲೂ ಮಾಡಿದಾಗ ಸರಿಯಾಗಿ ನಡೆಯಿತು. ಅಂಗಳ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ “ವಿಠ್ಠಲ ವಿಠ್ಠಲ” ಎಂಬ ದನಿ ಕೇಳಿತು. ಮಾಸ್ತರರು ಬಾಳಾಸಾಬರ ಎರಡೂ ಕೈ ಹಿಡಿದು, ಒಂದೇ ಒಂದು ತಾಸು ಬಚ್ಚಲಲ್ಲಿ ಇರಿ ಎಂದು ಅಂಗಲಾಚಿ ಒಳಗೆ ಕಳಿಸಿದರು.

ಲಗಮಣ್ಣನವರು ಕಾಲು ಕೂಡ ತೊಳೆಯದೆ ನೆಟ್ಟಗೆ ಕಾರಿನ ಹತ್ತಿರ ಹೋದರು. ಕೊರಳಲ್ಲಿ ತುಳಸಿ ಮಾಲೆ, ಹಣೆಯಲ್ಲಿ ವಿಠ್ಠಲನ ಕರಿ ಬುಕ್ಕಾ, ಪಾದಗಳು ಬಿರಿದಿದ್ದವು. ಕೀಲಿ ಇಸಿದುಕೊಂಡು ಚಾಲೂ ಮಾಡಿ, ಕಣ್ಣು ಮುಚ್ಚಿ, ಭಜನೆ ಕೇಳುವಂತೆ ತಲೆ ವಾಲಿಸಿ ಕೇಳಿದರು. ಇಂಜಿನ್ನು ಹೊಲಿಗೆ ಮಿಷಿನ್ನಿನಂತೆ ಹಾಡುತ್ತಿತ್ತು.

“ಬಾಳ ಚಂದ ಐತಿ,” ಎಂದರು ಮುದುಕರು. “ನಾ ಬಿಟ್ಟ ಹೋದಾಗ ಇಷ್ಟ ಚಂದ ಇರಲಿಲ್ಲ.”

ಮಾಸ್ತರರ ಎದೆ ಇಡೀ ದಿನ ಬತ್ತಿದ್ದು ಒಮ್ಮೆಲೇ ಉಬ್ಬಿತು. “ಅದು ಏನಂದ್ರ ಮಾವಾರ, ವೇರಿಯಬಲ್...” ಎಂದು ಶುರು ಮಾಡಿದರು.

“ಇದು ಬಾಳಾಸಾಬನ ಕೈ,” ಎಂದರು ಲಗಮಣ್ಣ, ಕಣ್ಣು ತೆರೆಯದೆ. “ಹದಿನೆಂಟ ವರ್ಷ ಕೇಳೀನಿ. ಎಲ್ಲಿ ಅದಾನ ಅಂವಾ?”

ಬಚ್ಚಲಿನ ಬಾಗಿಲು ಕಿರ್ರೆಂದಿತು. ಪಂಢರಿಗೆ ನಡೆದು ಹೋಗಿ ಬಂದ ಪಾದಗಳ ಎದುರು ಅಡಗಿ ಕೂರುವಷ್ಟು ಗಟ್ಟಿ ಎದೆ ಬಾಳಾಸಾಬರಿಗೂ ಇರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಸೋನಾಬಾಯಿ ಮುಂದೆ ಬಂದರು.

“ಅಪ್ಪಾ, ಇಂಜಿನ್ನಾಗ ಸೋಡಾ ಹಾಕೀವಿ. ಕೆಟ್ಟಿತ್ತು. ಬಾಳಾಸಾಬ ಬಂದ ಸರಿ ಮಾಡ್ಯಾರ.”

ಹಾಕ್ಯಾರ ಎನ್ನಬಹುದಿತ್ತು. ಹಾಕೀವಿ ಎಂದರು. ಇಂಗ್ಲಿಷ್ ಮಾಸ್ತರರು ವ್ಯಾಕರಣದಲ್ಲಿ ಅಷ್ಟು ದೊಡ್ಡ ಉಪಕಾರವನ್ನು ಜನ್ಮದಲ್ಲಿ ಕಂಡಿರಲಿಲ್ಲ; ಅವರ ಕಣ್ಣು ತುಂಬಿತು. ಲಗಮಣ್ಣನವರು ಮಗಳನ್ನೂ ಅಳಿಯನನ್ನೂ ತಮ್ಮ ಮಂಜುಗಣ್ಣಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಕೀಲಿಯನ್ನು ಮಗಳ ಅಂಗೈಯಲ್ಲಿ ಇಟ್ಟು ಮುಚ್ಚಿದರು.

“ಗಾಡಿ ನಿಂದು. ಕಲಿತು ನೀನ ಹೊಡಿ. ಇವರು ಬಾಜೂಕ ಕುಂಡ್ರಲಿ. ಬಾನೆಟ್ ಮಾತ್ರ ತಗೀಬಾರ್ದು.”

ಮಾಸ್ತರರು ತಲೆಯಾಡಿಸಿದರು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಎರಡೂವರೆ ತಾಸು ಕಟ್ಟಿ ಹಿಡಿದ ಬಾಳಾಸಾಬರ ಮರಾಠಿ ಆಗ ಒಡ್ಡು ಒಡೆದು ಹರಿಯಿತು. ಫೋನಿನಲ್ಲಿ ತಾನು ಏನು ಹೇಳಿದ್ದು, ಇವರು ಏನು ಮಾಡಿದ್ದು, ಎಷ್ಟು ಬೋಗುಣಿ ನೊರೆ, ಎಂಥ ಇಂಜಿನ್ನು, ಎಂಥ ಓದು ಎಂದು ಅವರು ಕೈ ಬೀಸಿ ಬೀಸಿ ಹೇಳತೊಡಗಿದರು. ಮಾಸ್ತರರು ಗೋಡೆಗೆ ಅಂಟುತ್ತ ಹೋದರು. ಅಕ್ಕವ್ವ ಒಳಗಿಂದ ಚಹಾ ತಂದವರು ಹೊಸ್ತಿಲಲ್ಲೇ ನಿಂತು, ಎಲ್ಲ ತಿಳಿದವರಂತೆ ತಲೆದೂಗುತ್ತ ಕೇಳುತ್ತಿದ್ದರು. ಕೊನೆಗೆ ಲಗಮಣ್ಣನವರಿಗೇ ಅಳಿಯನ ಮುಖ ನೋಡಿ ಕರುಣೆ ಬಂತು. ಮಿಸ್ತ್ರಿಯ ಹೆಗಲ ಮೇಲೆ ಕೈ ಇಟ್ಟು, ಹೋಗಲಿ, ಇನ್ನು ಸಾಕು ಎಂದು ಮರಾಠಿಯಲ್ಲೇ ಸಮಾಧಾನ ಹೇಳಿದರು:

“ಜಾಊ ದ್ಯಾ ಬಾಳಾಸಾಬ. ಆತಾ ಜಾವಾಯ್‌ಬಾಪೂಂನಾ ಸೋಡಾ.”

ಇಷ್ಟು ಹೊತ್ತಿನ ಮರಾಠಿಯಲ್ಲಿ ಅಕ್ಕವ್ವನಿಗೆ ಸ್ಪಷ್ಟವಾಗಿ ತಿಳಿದ ವಾಕ್ಯ ಅದೊಂದೇ. ಜಾವಾಯ್‌ಬಾಪು ಅಂದರೆ ತಮ್ಮ ಮಗ. ಸೋಡಾ ಅಂದರೆ ಸೋಡಾ. ಅವರು ಚಹಾದ ತಾಟನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಡಬ್ಬಿಯ ತಳದಲ್ಲಿ ಉಳಿಸಿಕೊಂಡಿದ್ದ ಆ ಒಂದು ಮುಷ್ಟಿಯನ್ನು ಬಿಸಿನೀರಿನ ಚರಿಗೆಗೆ ಸುರಿದು, ಬೆರಳಿನಿಂದ ಕದಡುತ್ತ ಹೊರಗೆ ಬಂದು, ಬೀಗರ ಎದುರು ವಿನಯದಿಂದ ನಿಂತರು.

“ಇಷ್ಟ ಉಳದೈತ್ರಿ ಬೀಗರ. ಹಚ್ಚಿ ತಿಕ್ಕೂದೇನ್ರಿ, ಕುಡಿಸೂದೇನ್ರಿ?”